ಆಮ್ಲಕ್ಕೆ ಜನಕನಾರು?

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಐದನೆಯ ಒಂದು ಪಾಲಾಗಿರುವ ಪ್ರಾಣಾಧಾರವಾದ ಅನಿಲಕ್ಕೆ ಕನ್ನಡದಲ್ಲಿ ಆಮ್ಲಜನಕವೆಂದು ಹೆಸರು. ಹೆಸರಿನ ಅರ್ಥವು ಸ್ಪಷ್ಟವಾಗಿಯೇ ಇದೆ: ಆಮ್ಲವನ್ನು, ಎಂದರೆ ಹುಳಿಯನ್ನು, ಹುಟ್ಟಿಸತಕ್ಕದ್ದು. ಶಾಲೆಯ ಹುಡುಗರಿಂದ ಮೊದಲ್ಗೊಂಡು ಆಸ್ಪತ್ರೆಯ ವೈದ್ಯರವರೆಗೆ ಎಲ್ಲರೂ ಈ ಮಾತನ್ನು ದಿನವೂ ಆಡುತ್ತಾರೆ. ಆದರೆ ಈ ಹೆಸರು ಸಾರುವ ಸಂಗತಿಯು ನಿಜವಲ್ಲ. ಆಮ್ಲಕ್ಕೆ ಜನಕನು ಆಮ್ಲಜನಕವಲ್ಲ. ಇದು ಕನ್ನಡಿಗರು ಮಾಡಿದ ತಪ್ಪೂ ಅಲ್ಲ. ಗ್ರೀಕ್ ಧಾತುಗಳಿಂದ ಕಟ್ಟಿದ ‘ಆಕ್ಸಿಜನ್’ ಎಂಬ ಶಬ್ದಕ್ಕೂ ಅದೇ ಅರ್ಥ; ಜರ್ಮನರೂ ರಷ್ಯನರೂ ತಮ್ಮ ತಮ್ಮ ಭಾಷೆಗಳಲ್ಲಿ ಇದೇ ಅರ್ಥದ ಹೆಸರನ್ನಿಟ್ಟುಕೊಂಡಿದ್ದಾರೆ. ಸುಮಾರು ಎರಡೂವರೆ ಶತಮಾನಗಳ ಹಿಂದೆ ಪ್ಯಾರಿಸ್ಸಿನ ಒಬ್ಬ ಮಹಾವಿದ್ವಾಂಸನು ಕೊಟ್ಟ ಒಂದು ತೀರ್ಪು ಲೋಕದ ಭಾಷೆಗಳಲ್ಲೆಲ್ಲ ಹೀಗೆ ಹೆಪ್ಪುಗಟ್ಟಿ ಉಳಿದಿದೆ. ಆ ತೀರ್ಪು ಹೇಗೆ ಹುಟ್ಟಿತು, ಹೇಗೆ ಬಿದ್ದುಹೋಯಿತು ಎಂಬುದನ್ನು ಈ ಹೊತ್ತು ನಾವು ವಿಚಾರಮಾಡೋಣ. ಈ ವ್ಯವಹಾರದಲ್ಲಿ ಮುಖ್ಯ ಸಾಕ್ಷಿಯೊಂದು ಬಹುಕಾಲ ಎಲ್ಲರ ಕಣ್ಣೆದುರಿಗೇ ಇದ್ದು, ಯಾರೂ ಅದನ್ನು ಮಾತನಾಡಿಸದೆ ಹೋದರು. ಆ ಸಾಕ್ಷಿಯೇ ನೀರು.

ಆಮ್ಲಗಳ ಪರಿಚಯವು ಮನುಷ್ಯನಿಗೆ ಮೊದಲು ಅಡಿಗೆಯ ಮನೆಯಲ್ಲಿ ಆದದ್ದು. ಹುಣಿಸೆಹಣ್ಣು, ನಿಂಬೆಹಣ್ಣು, ಹುಳಿಮಜ್ಜಿಗೆ—ಇವುಗಳ ಗುಣಗಳನ್ನು ನಮ್ಮ ಗೃಹಿಣಿಯರು ಯಾವ ಶಾಸ್ತ್ರಗ್ರಂಥವನ್ನೂ ಓದದೆ ಚೆನ್ನಾಗಿ ಬಲ್ಲರು. ಹುಣಿಸೆಹಣ್ಣನ್ನು ಹಚ್ಚಿ ಉಜ್ಜಿದರೆ ಹಿತ್ತಾಳೆಯ ಪಾತ್ರೆ ಹೊಳೆಯುತ್ತದೆ. ಕಲಾಯಿಯಿಲ್ಲದ ಪಾತ್ರೆಯಲ್ಲಿ ಹುಳಿಯನ್ನು ಇಟ್ಟರೆ ಕಿಲುಬೇಳುತ್ತದೆ. ಅರಿಶಿನಕ್ಕೆ ಸುಣ್ಣವನ್ನು ಬೆರೆಸಿ ಆರತಿಗೆ ಕೆಂಪು ಓಕುಳಿಯನ್ನು ಮಾಡುವ ಪದ್ಧತಿಯು ನಮ್ಮಲ್ಲಿ ಉಂಟಷ್ಟೆ. ಆ ಓಕುಳಿಗೆ ಸಾಕಷ್ಟು ನಿಂಬೆಯ ರಸವನ್ನು ಹಿಂಡಿದರೆ ಕೆಂಪು ಹೋಗಿ ಅರಿಶಿನದ ಹಳದಿ ಮರಳಿಬರುತ್ತದೆ. ಸುಣ್ಣವು ಕ್ಷಾರ, ನಿಂಬೆಯ ರಸ ಆಮ್ಲ. ಒಂದು ಮಾಡಿದ್ದನ್ನು ಇನ್ನೊಂದು ಅಳಿಸುತ್ತದೆ. ಇಂತಹ ಬಣ್ಣದ ಪರೀಕ್ಷೆಯನ್ನೇ ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲನು ವರ್ಣಗಳನ್ನು ಕುರಿತು 1664ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶಾಸ್ತ್ರೀಯ ರೀತಿಯಲ್ಲಿ ನಿರೂಪಿಸಿದನು. ನೇರಿಳೆ ಬಣ್ಣದ ವಯೊಲೆಟ್ ಹೂವಿನ ಪಾನಕವು ಆಮ್ಲದಿಂದ ಕೆಂಪಾಗುವುದು, ಕ್ಷಾರದಿಂದ ಹಸುರಾಗುವುದು. ನಾಲಗೆಯ ರುಚಿಯನ್ನು ನಂಬಿಕೊಂಡಿದ್ದ ಶಾಸ್ತ್ರಕ್ಕೆ ಹೀಗೆ ಕಣ್ಣಿನ ಸಾಕ್ಷ್ಯವೂ ಒದಗಿತು. ರುಚಿ ಹುಳಿ, ಹೂವಿನ ಬಣ್ಣವನ್ನು ಮಾರ್ಪಡಿಸುವುದು, ಸುಣ್ಣಕಲ್ಲಿನ ಮೇಲೆ ಬಿದ್ದರೆ ನೊರೆಯೇಳಿಸುವುದು, ಕೆಲವು ಲೋಹಗಳನ್ನು ಕೊರೆದು ತಿನ್ನುವುದು, ಕ್ಷಾರದೊಡನೆ ಕೂಡಿ ಲವಣವಾಗುವುದು—ಇವಿಷ್ಟೂ ಆಮ್ಲದ ಸಾಮಾನ್ಯಲಕ್ಷಣಗಳೆಂದು ಗೊತ್ತಾಯಿತು.

ಹಣ್ಣುಗಳ ಆಮ್ಲ ಸೌಮ್ಯವಾದುದು. ಖನಿಜಗಳಿಂದ ಪಡೆದ ಆಮ್ಲಗಳು ಹಾಗಲ್ಲ. ಅನ್ನಭೇದಿಯನ್ನು ಕಾಯಿಸಿ ಭಟ್ಟಿಯಿಳಿಸಿದರೆ ಎಣ್ಣೆಯಂತೆ ಮಂದವಾದ ಗಂಧಕಾಮ್ಲವು ದೊರೆಯುತ್ತಿತ್ತು. ಅದನ್ನು ಪೆಟ್ಲುಪ್ಪಿನೊಡನೆ ಕಾಯಿಸಿದರೆ ನೈಟ್ರಿಕ್ ಆಮ್ಲವೂ, ಅಡಿಗೆಯ ಉಪ್ಪಿನೊಡನೆ ಕಾಯಿಸಿದರೆ ಈಗ ನಾವು ಹೈಡ್ರೊಕ್ಲೋರಿಕ್ ಎಂದು ಕರೆಯುವ ಆಮ್ಲವೂ ಬರುತ್ತಿದ್ದುವು. 1746ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ರೋಬಕ್ ಎಂಬಾತನು ಒಡೆಯುವ ಗಾಜಿನ ಬುರುಡೆಗಳಿಗೆ ಬದಲಾಗಿ ಸೀಸದ ತಗಡಿನ ಕೋಣೆಗಳಲ್ಲಿ ಗಂಧಕಾಮ್ಲವನ್ನು ತಯಾರಿಸಲು ಆರಂಭಿಸಿದನು. ಅಲ್ಲಿಂದ ಮುಂದೆ ಈ ವಸ್ತುವು ಔಷಧದಂಗಡಿಯ ಸೀಸೆಯನ್ನು ಬಿಟ್ಟು ದೊಡ್ಡ ಕೈಗಾರಿಕೆಗಳ ಸಾಮಗ್ರಿಯಾಯಿತು.

ಈ ಮೂರು ಆಮ್ಲಗಳಿಗೂ ನೀರೆಂದರೆ ಬಲು ದಾಹ. ಗಂಧಕಾಮ್ಲವೂ ನೈಟ್ರಿಕ್ ಆಮ್ಲವೂ ನೀರಿನೊಡನೆ ಯಾವ ಪ್ರಮಾಣದಲ್ಲಿ ಬೇಕಾದರೂ ಬೆರೆಯತಕ್ಕವು. ಇಷ್ಟೇ ಕರಗುತ್ತದೆಂಬ ಎಲ್ಲೆಯೇ ಅವಕ್ಕಿಲ್ಲ. ಗಂಧಕಾಮ್ಲವು ನೀರಿನೊಡನೆ ಸೇರುವಾಗ ವಿಶೇಷವಾಗಿ ಶಾಖವೇಳುತ್ತದೆ. ಅದರ ಸಾಂದ್ರತೆ ನೀರಿನದಕ್ಕಿಂತ 1.84ರಷ್ಟು. ಆದಕಾರಣ ಆಮ್ಲದ ಪಾತ್ರೆಗೆ ನೀರನ್ನು ಸುರಿದರೆ ನೀರು ಮೇಲೆಯೇ ತೇಲಿ, ಕೂಡಿದ ಕಡೆಯಲ್ಲಿ ಒಡನೆ ಕುದಿದು, ಆಮ್ಲವನ್ನು ಮುಖದ ಮೇಲಕ್ಕೆ ಎರಚುತ್ತದೆ. ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಕಲಕುತ್ತ ಹಾಕಬೇಕು, ಆಮ್ಲಕ್ಕೆ ನೀರನ್ನು ಎಂದಿಗೂ ಹಾಕಬಾರದು ಎಂದು ಪ್ರಯೋಗಶಾಲೆಗಳಲ್ಲಿ ಮೊದಲ ದಿನವೇ ಕಲಿಸುವುದು ಇದಕ್ಕಾಗಿ.

ಇನ್ನು ಹಣ್ಣುಹಾಲುಗಳ ಆಮ್ಲಗಳನ್ನು ಒಂದೊಂದಾಗಿ ಬೇರ್ಪಡಿಸಿ ತೋರಿಸಿದ ಕೀರ್ತಿ ಸ್ವೀಡನ್ ದೇಶದ ಕಾರ್ಲ್ ವಿಲ್‌ಹೆಲ್ಮ್ ಷೀಲೆಗೆ ಸಲ್ಲತಕ್ಕದ್ದು. ಔಷಧದಂಗಡಿಯಲ್ಲಿ ಬದುಕನ್ನು ಕಳೆದ ಈ ಬಡವಿದ್ವಾಂಸನು 1770ರ ಸುಮಾರಿಗೆ ಟಾರ್ಟಾರಿಕ್ ಆಮ್ಲವನ್ನೂ, 1780ರಲ್ಲಿ ಹುಳಿತ ಹಾಲಿನಿಂದ ಲ್ಯಾಕ್ಟಿಕ್ ಆಮ್ಲವನ್ನೂ, 1784ರಲ್ಲಿ ನಿಂಬೆಯಿಂದ ಸಿಟ್ರಿಕ್ ಆಮ್ಲವನ್ನೂ ಪಡೆದನು. ನಮ್ಮ ಹುಣಿಸೆಹಣ್ಣಿನ ಹುಳಿಗೂ ಆ ಟಾರ್ಟಾರಿಕ್ ಆಮ್ಲವೇ ಕಾರಣ. ಸಿಟ್ರಿಕ್, ಟಾರ್ಟಾರಿಕ್ ಆಮ್ಲಗಳೆರಡೂ ಬಿಳಿಯ ಹರಳುಗಳು. 100 ಗ್ರಾಮ್ ನೀರಿನಲ್ಲಿ 100 ಗ್ರಾಮಿಗೂ ಹೆಚ್ಚಾಗಿ ಕರಗುತ್ತವೆ. ಇಷ್ಟು ವಿವಿಧವಾದ ವಸ್ತುಗಳಲ್ಲೆಲ್ಲ ಹುಳಿಯೆಂಬ ಗುಣವೊಂದೇ ಆಗಿರಲು, ಅದಕ್ಕೆ ಕಾರಣವಾದ ಪದಾರ್ಥವೂ ಒಂದೇ ಇರಬೇಕಲ್ಲವೆ? ಆ ಕಾಲದ ವಿದ್ವಾಂಸರನ್ನು ಕಾಡಿದ ಪ್ರಶ್ನೆ ಇದು.

ಇದಕ್ಕೆ ಉತ್ತರವನ್ನು ಕೊಟ್ಟವನು ಫ್ರಾನ್ಸಿನ ಲವಾಸಿಯೆ. ತಕ್ಕಡಿಯನ್ನು ರಸಾಯನಶಾಸ್ತ್ರದ ನ್ಯಾಯಪೀಠದಲ್ಲಿ ಕೂರಿಸಿದವನೇ ಅವನು. ಗಂಧಕವನ್ನೂ ರಂಜಕವನ್ನೂ ಉರಿಸಿದರೆ ಅವುಗಳ ತೂಕ ಹೆಚ್ಚುವುದೆಂದು 1772ರಲ್ಲಿ ಅವನು ಕಂಡನು. ಉರಿಯುವಾಗ ಗಾಳಿಯ ಒಂದು ಅಂಶವು ಅವುಗಳೊಡನೆ ಕೂಡಿಕೊಳ್ಳುವುದೇ ಇದಕ್ಕೆ ಕಾರಣವೆಂಬುದು ಬಳಿಕ ನಿಶ್ಚಯವಾಯಿತು. ಗಂಧಕವನ್ನು ಉರಿಸಿ ಬಂದುದನ್ನು ನೀರಿನಲ್ಲಿ ಕೂಡಿಸಿದರೆ ಹುಳಿ. ರಂಜಕವನ್ನು ಉರಿಸಿ ಬಂದುದನ್ನು ಕೂಡಿಸಿದರೆ ಹುಳಿ. ಇದ್ದಲನ್ನು ಉರಿಸಿ ಬಂದ ಅನಿಲವನ್ನು ಕೂಡಿಸಿದರೂ ನಸುಹುಳಿ. ಎಲ್ಲದರಲ್ಲಿಯೂ ಸಮಾನವಾಗಿ ಸೇರಿದ್ದುದು ಗಾಳಿಯ ಆ ಅಂಶ. ಹೀಗಿರಲು ಹುಳಿಗೆ ಅದೇ ಮೂಲವೆಂದು ಅವನು ನಿರ್ಣಯಿಸಿದನು. 1787ರಲ್ಲಿ ಅವನೂ ಅವನ ಮೂವರು ಸಹಚರರೂ ಸೇರಿ ಪ್ರಕಟಿಸಿದ ಹೊಸ ನಾಮಾವಳಿಯಲ್ಲಿ ಆ ಹೆಸರು ನೆಲೆಗೊಂಡಿತು. ನೀರನ್ನು ಹುಟ್ಟಿಸುವ ಇನ್ನೊಂದು ಅನಿಲಕ್ಕೆ ಜಲಜನಕವೆಂಬ ಅರ್ಥದ ಹೆಸರನ್ನೂ ಅಲ್ಲಿಯೇ ಇಟ್ಟರು.

ತರ್ಕವು ಅಂದವಾಗಿತ್ತು. ಆದರೆ ಶ್ರೋತೃಗಳು ಒಂದು ವಿಷಯವನ್ನು ಗಮನಿಸಬೇಕು. ಮೇಲಿನ ಮೂರು ಪ್ರಯೋಗಗಳಲ್ಲಿಯೂ ಸಮಾನವಾಗಿದ್ದ ವಸ್ತು ಆಮ್ಲಜನಕವೊಂದೇ ಅಲ್ಲ, ನೀರೂ ಇದ್ದಿತು. ನೀರು ಕೇವಲ ಕರಗಿಸುವ ಪಾತ್ರದಲ್ಲಿದೆಯೆಂದು ಭಾವಿಸಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮದುವೆಗೆ ಬಂದವರೆಲ್ಲರನ್ನೂ ವಿಚಾರಿಸಿ ಪುರೋಹಿತನನ್ನು ಮರೆತಂತೆ ಆಯಿತು.

ಈ ಸಿದ್ಧಾಂತಕ್ಕೆ ಮೊದಲಿನಿಂದಲೂ ಒಂದು ಆಮ್ಲವು ಒಗ್ಗಲಿಲ್ಲ. ಅದು ಉಪ್ಪಿನಿಂದ ಬಂದ ಆಮ್ಲ. 1772ರಲ್ಲಿ ಪ್ರೀಸ್ಟ್‌ಲಿಯು ಇದರ ಅನಿಲವನ್ನು ನೀರಿನ ಮೇಲಲ್ಲದೆ ಪಾದರಸದ ಮೇಲೆ ಶೇಖರಿಸಿ ಪರೀಕ್ಷಿಸಿದ್ದನು. ಪಾದರಸವೇ ಏಕೆ ಬೇಕಾಯಿತೆಂದರೆ, ಈ ಅನಿಲವು ನೀರನ್ನು ಕಂಡೊಡನೆ ಅದರಲ್ಲಿ ಅಡಗಿಬಿಡುತ್ತದೆ. ಸಾಧಾರಣವಾದ ಹವೆಯಲ್ಲಿ ಒಂದು ಲೀಟರ್ ನೀರು ಈ ಅನಿಲವನ್ನು 450 ಲೀಟರುಗಳಿಗೂ ಮಿಗಿಲಾಗಿ ಕುಡಿಯಬಲ್ಲುದು. ಸೀಸೆಯ ಬಿರಟೆಯನ್ನು ತೆಗೆದರೆ ಒದ್ದೆ ಗಾಳಿಯಲ್ಲಿ ಬಿಳಿಯ ಹೊಗೆಯೇಳುವುದೂ ಗಾಳಿಯ ತೇವವನ್ನು ಅದು ಹಿಡಿದುಕೊಳ್ಳುವುದರಿಂದಲೇ. ಈ ಆಮ್ಲದಿಂದ ಆಮ್ಲಜನಕವನ್ನು ಹೊರಡಿಸುವುದು ಯಾರಿಂದಲೂ ಆಗಲಿಲ್ಲ. ಆದರೂ ಸಿದ್ಧಾಂತದ ಬಲದಿಂದ, ಇದರಲ್ಲಿ ಆಮ್ಲಜನಕವೂ ಇನ್ನೂ ಕಾಣಸಿಗದ ಒಂದು ಮೂಲವಸ್ತುವೂ ಇವೆಯೆಂದು ಲವಾಸಿಯೆಯು ಊಹಿಸಿ, 1789ರ ತನ್ನ ಗ್ರಂಥದ ಮೂಲವಸ್ತುಗಳ ಪಟ್ಟಿಯಲ್ಲಿ ಆ ಕಾಣದ ವಸ್ತುವಿಗೂ ಒಂದು ಸ್ಥಾನವನ್ನು ಕೊಟ್ಟನು. ಐದು ವರ್ಷಗಳ ತರುವಾಯ, 1794ರ ಮೇ 8ರಂದು, ಫ್ರಾನ್ಸಿನ ಕ್ರಾಂತಿಯ ನ್ಯಾಯಸ್ಥಾನವು ಅವನನ್ನು ಶಿರಚ್ಛೇದಕ್ಕೆ ಗುರಿಮಾಡಿತು. ತನ್ನ ಸಿದ್ಧಾಂತಕ್ಕೆ ಮುಂದೆ ಬಂದ ಗತಿಯನ್ನು ನೋಡುವ ಅವಕಾಶವು ಅವನಿಗೆ ದೊರೆಯಲಿಲ್ಲ.

ಷೀಲೆಯು 1774ರಲ್ಲಿ ಇದೇ ಆಮ್ಲವನ್ನು ಮ್ಯಾಂಗನೀಸಿನ ಕಪ್ಪು ಅದಿರಿನೊಡನೆ ಕಾಯಿಸಿ, ಹಳದಿ ಬೆರೆತ ಹಸುರು ಬಣ್ಣದ, ಉಸಿರುಕಟ್ಟಿಸುವ ಅನಿಲವೊಂದನ್ನು ಪಡೆದಿದ್ದನು. ಆ ಅನಿಲದಲ್ಲಿ ಆಮ್ಲಜನಕವಿದೆಯೆಂದು ಬರ್ತೊಲೆಯು ವಾದಿಸಿದನು. ಅವನ ಆಧಾರವೇನೆಂದರೆ, ಅನಿಲವನ್ನು ನೀರಿನಲ್ಲಿ ಕರಗಿಸಿ ಬಿಸಿಲಿನಲ್ಲಿಟ್ಟರೆ ಆಮ್ಲಜನಕವು ಹೊರಟು, ಉಪ್ಪಿನ ಆಮ್ಲವು ಉಳಿಯುತ್ತದೆ. ಕಣ್ಣಿಗೆ ಕಂಡದ್ದು ನಿಜ, ತೀರ್ಮಾನ ಸುಳ್ಳು. ಹೊರಟ ಆಮ್ಲಜನಕವು ಅನಿಲದ್ದಲ್ಲ, ನೀರಿನದು! ಇಲ್ಲಿಯೂ ನೀರನ್ನು ವಿಚಾರಿಸದೆ ಬಿಟ್ಟುದರಿಂದಲೇ ಮೋಸವಾಯಿತು.

ಈ ಗಂಟನ್ನು ಬಿಡಿಸಿದವನು ಲಂಡನ್ನಿನ ಹಂಫ್ರಿ ಡೇವಿ. 1807ರಲ್ಲಿ ಅವನು ವಿದ್ಯುತ್ಪ್ರವಾಹದಿಂದ ಪೊಟ್ಯಾಸಿಯಮ್, ಸೋಡಿಯಮ್ ಎಂಬ ಲೋಹಗಳನ್ನು ಅವುಗಳ ಕ್ಷಾರಗಳಿಂದ ಬೇರ್ಪಡಿಸಿದಾಗ, ಆ ಕ್ಷಾರಗಳಲ್ಲಿ ಆಮ್ಲಜನಕವಿರುವುದು ಬೆಳಕಿಗೆ ಬಂದಿತು. ಆಮ್ಲವನ್ನು ಹುಟ್ಟಿಸುವುದೆಂದು ಹೆಸರಾದ ವಸ್ತುವು ಆಮ್ಲದ ಹಗೆಯಾದ ಕ್ಷಾರದ ಮನೆಯಲ್ಲಿಯೂ ವಾಸವಾಗಿತ್ತು. ಅನಂತರ ಅವನು ಷೀಲೆಯ ಹಸುರು ಅನಿಲದಲ್ಲಿ ಇದ್ದಲನ್ನು ಬೆಳ್ಳಗೆ ಕಾಯುವಷ್ಟು ಬಿಸಿಮಾಡಿ ನೋಡಿದನು. ಅನಿಲದಲ್ಲಿ ಆಮ್ಲಜನಕವಿದ್ದಿದ್ದರೆ ಅದು ಇದ್ದಲನ್ನು ಹಿಡಿದುಕೊಳ್ಳಬೇಕಾಗಿತ್ತು. ಏನೂ ಆಗಲಿಲ್ಲ. 1810ರಲ್ಲಿ ಅವನು ಇದು ಸ್ವತಃ ಮೂಲವಸ್ತುವೆಂದು ರಾಯಲ್ ಸೊಸೈಟಿಯ ಮುಂದೆ ಸಾರಿ, ಬಣ್ಣದ ಮೇಲಿಂದ ಅದಕ್ಕೆ ಕ್ಲೋರಿನ್ ಎಂದು ಹೆಸರಿಟ್ಟನು. ಉಪ್ಪಿನ ಆಮ್ಲದ ಅನಿಲವು ಕ್ಲೋರಿನ್ ಮತ್ತು ಜಲಜನಕಗಳೆರಡರ ಸಂಯೋಗ. ಅದರಲ್ಲಿ ಆಮ್ಲಜನಕದ ಲೇಶವೂ ಇಲ್ಲ. ಕ್ಲೋರಿನ್ ಎಂಬ ಹೆಸರನ್ನು ಡೇವಿ ಆರಿಸಿದ ಬಗೆಯಲ್ಲಿಯೂ ಒಂದು ವಿವೇಕವುಂಟು. ಹಸುರು ಬಣ್ಣವನ್ನು ಕುರಿತ ಹೆಸರು ಯಾವ ಸಿದ್ಧಾಂತವನ್ನೂ ಅವಲಂಬಿಸಿದುದಲ್ಲ. ಸಿದ್ಧಾಂತವು ಬಿದ್ದರೂ ಅದು ಬೀಳುವಂತಿಲ್ಲ. ಆದರೂ ಹಳೆಯ ಮತವು ಸುಲಭವಾಗಿ ಸೋಲಲಿಲ್ಲ. ಸ್ವೀಡನ್ನಿನ ಬರ್ಜೀಲಿಯಸ್‌ನಂತಹ ಆಚಾರ್ಯಪುರುಷನೇ 1820ರ ಸುಮಾರಿನವರೆಗೂ ಡೇವಿಯ ಮಾತನ್ನು ಒಪ್ಪದೆ ನಿಂತನು.

ಹಾಗಾದರೆ ಆಮ್ಲದ ನಿಜವಾದ ಜನಕನಾರು? 1838ರಲ್ಲಿ ಜರ್ಮನಿಯ ಲೀಬಿಗನು ಸಸ್ಯಾಮ್ಲಗಳನ್ನು ಶೋಧಿಸಿ, ಲೋಹವು ಬಂದಾಗ ತನ್ನ ಸ್ಥಳವನ್ನು ಬಿಟ್ಟುಕೊಡಬಲ್ಲ ಜಲಜನಕವು ಯಾವುದರಲ್ಲಿದೆಯೋ ಅದೇ ಆಮ್ಲ ಎಂದನು. ಸತುವಿನ ಮೇಲೆ ಆಮ್ಲವು ಬಿದ್ದಾಗ ಗುಳ್ಳೆಗುಳ್ಳೆಯಾಗಿ ಏಳುವುದು ಈ ಸ್ಥಳಭ್ರಷ್ಟವಾದ ಜಲಜನಕವೇ. ಆಮ್ಲಜನಕವೆಂಬ ಬಿರುದಿಗೆ ಯೋಗ್ಯವಾದುದು ಜಲಜನಕವೆಂದು ಹೀಗೆ ತಿಳಿದುಬಂದಿತು.

ಆದರೆ ಇಷ್ಟರಿಂದ ಪ್ರಶ್ನೆಯು ತೀರಲಿಲ್ಲ. ಸಕ್ಕರೆಯಲ್ಲಿ ಜಲಜನಕವುಂಟು, ತುಪ್ಪದಲ್ಲಿ ಉಂಟು, ಅವು ಹುಳಿಯಲ್ಲ. ಅದಕ್ಕಿಂತಲೂ ಸೋಜಿಗದ ಸಂಗತಿಯೆಂದರೆ, ಆಮ್ಲವೆಂದು ಪ್ರಸಿದ್ಧವಾದ ವಸ್ತುವೇ ನೀರಿಲ್ಲದೆಡೆಯಲ್ಲಿ ಆಮ್ಲದಂತೆ ನಡೆದುಕೊಳ್ಳುವುದಿಲ್ಲ. ಹೈಡ್ರೊಕ್ಲೋರಿಕ್ ಆಮ್ಲದ ಅನಿಲವನ್ನು ಚೆನ್ನಾಗಿ ಒಣಗಿಸಿ ಅದರಲ್ಲಿ ಒಣಗಿದ ನೀಲಿ ಲಿಟ್ಮಸ್ ಕಾಗದವನ್ನು ಹಿಡಿದರೆ ಬಣ್ಣ ಬದಲಾಗದು. ಕಾಗದವನ್ನು ತೇವಮಾಡಿದೊಡನೆ ಕೆಂಪಾಗುವುದು. ಅದೇ ಅನಿಲವನ್ನು ಟಾಲ್ವೀನ್ ಎಂಬ ಎಣ್ಣೆಯಂತಹ ದ್ರವದಲ್ಲಿ ಕರಗಿಸಿದರೆ, ಆ ದ್ರಾವಣವು ಸುಣ್ಣಕಲ್ಲಿನಲ್ಲಿ ನೊರೆಯೇಳಿಸದು, ವಿದ್ಯುತ್ತನ್ನು ಹರಿಯಗೊಡದು. ನೀರು ಬಹು ಸ್ವಲ್ಪವಾಗಿರುವ ಸಾಂದ್ರ ಗಂಧಕಾಮ್ಲವನ್ನು ಉಕ್ಕಿನ ತೊಟ್ಟಿಗಳಲ್ಲಿ ತುಂಬಿಡುವುದುಂಟು. ಅದಕ್ಕೆ ನೀರು ಸೇರಿ ತೆಳ್ಳಗಾದರೆ ಅದೇ ಆಮ್ಲವು ಅದೇ ಉಕ್ಕನ್ನು ಬೇಗನೆ ತಿಂದುಹಾಕುತ್ತದೆ.

ಈ ಒಗಟನ್ನು ಬಿಡಿಸಿದವನು ಸ್ವೀಡನ್ನಿನ ತರುಣ ಸ್ವಾಂತೆ ಅರೇನಿಯಸ್. ದ್ರಾವಣಗಳಲ್ಲಿ ವಿದ್ಯುತ್ತು ಹರಿಯುವ ರೀತಿಯನ್ನು ಕುರಿತು 1884ರಲ್ಲಿ ಉಪ್ಸಾಲದ ವಿಶ್ವವಿದ್ಯಾಲಯಕ್ಕೆ ಅವನು ಒಪ್ಪಿಸಿದ ಪ್ರಬಂಧಕ್ಕೆ ಪರೀಕ್ಷಕರು ತೀರ ಕೆಳಗಿನ ದರ್ಜೆಯನ್ನು ಕೊಟ್ಟರು. ಅವನ ಆಚಾರ್ಯರಿಗೆ ಹಿಡಿಸದ ಆ ಪ್ರಬಂಧವನ್ನು ರೀಗಾದಲ್ಲಿದ್ದ ಓಸ್ಟ್‌ವಾಲ್ಡನು ಓದಿ, ಅದೇ ವರ್ಷ ತಾನೇ ಉಪ್ಸಾಲಕ್ಕೆ ಬಂದು ತರುಣನನ್ನು ಕಂಡನು. 1887ರಲ್ಲಿ ಪೂರ್ಣರೂಪವನ್ನು ತಾಳಿದ ಅವನ ಸಿದ್ಧಾಂತದ ಸಾರವಿಷ್ಟು: ಆಮ್ಲವು ನೀರಿನಲ್ಲಿ ಕರಗಿದಾಗ ಅದರ ಅಣುಗಳು ಒಡೆದು ವಿದ್ಯುದಂಶವುಳ್ಳ ಕಣಗಳಾಗುತ್ತವೆ. ಇವೇ ಅಯಾನುಗಳು. ಅವುಗಳಲ್ಲಿ ಧನವಿದ್ಯುತ್ತುಳ್ಳ ಜಲಜನಕದ ಅಯಾನು ಯಾವುದುಂಟೋ ಅದೇ ಹುಳಿ, ಅದೇ ಲಿಟ್ಮಸ್ಸನ್ನು ಕೆಂಪಾಗಿಸತಕ್ಕದ್ದು, ಅದೇ ಲೋಹವನ್ನು ಕೊರೆಯತಕ್ಕದ್ದು. ಪ್ರಬಲವಾದ ಯಾವ ಆಮ್ಲವು ಪ್ರಬಲವಾದ ಯಾವ ಕ್ಷಾರದೊಡನೆ ತೆಳು ದ್ರಾವಣದಲ್ಲಿ ಸಮಪ್ರಮಾಣವಾಗಿ ಕೂಡಿದರೂ ಏಳುವ ಶಾಖವು ಹೆಚ್ಚುಕಡಮೆ ಒಂದೇ ಆಗಿರುವುದಕ್ಕೆ ಕಾರಣವೂ ಇದರಿಂದ ದೊರೆಯಿತು. ಹೆಸರು ಯಾವುದಾದರೇನು, ನಡೆಯುವ ಕೆಲಸವೊಂದೇ: ಜಲಜನಕದ ಅಯಾನು ಕ್ಷಾರದ ಅಯಾನಿನೊಡನೆ ಕೂಡಿ ನೀರಾಗುವುದು. ಕೆಳದರ್ಜೆಯನ್ನು ಪಡೆದ ಆ ವಿಚಾರಕ್ಕೆ 1903ರಲ್ಲಿ ನೊಬೆಲ್ ಪಾರಿತೋಷಕವು ಬಂದಿತು.

ಇಲ್ಲಿ ಎರಡು ಸಂಗತಿಗಳನ್ನು ನಾವು ಬೆರೆಸಿಕೊಳ್ಳಬಾರದು. ನೀರಿನಲ್ಲಿ ಕರಗುವುದು ಬೇರೆ, ಆಮ್ಲವಾಗಿ ಪ್ರಬಲವಾಗಿರುವುದು ಬೇರೆ. ವಿನಿಗರ್‌ನಲ್ಲಿರುವ ಅಸಿಟಿಕ್ ಆಮ್ಲವು ನೀರಿನೊಡನೆ ಎಷ್ಟು ಬೇಕಾದರೂ ಬೆರೆಯುತ್ತದೆ. ಆದರೆ 6 ಗ್ರಾಮಿನಷ್ಟನ್ನು ಒಂದು ಲೀಟರ್ ದ್ರಾವಣವಾಗಿ ಮಾಡಿದರೆ ಅದರ ಅಣುಗಳಲ್ಲಿ ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು ಮಾತ್ರ ಅಯಾನುಗಳಾಗುತ್ತವೆ. ಮಿಕ್ಕವು ಹಾಗೆಯೇ ಇರುತ್ತವೆ. ಹೈಡ್ರೊಕ್ಲೋರಿಕ್ ಆಮ್ಲವಾದರೊ ಅಂತಹ ದ್ರಾವಣದಲ್ಲಿ ಬಹುತೇಕ ಪೂರ್ತಿಯಾಗಿ ಒಡೆಯುತ್ತದೆ. ಆಹಾರ ಕೆಡದಂತೆ ಕಾಪಾಡಲು ಉಪಯೋಗಿಸುವ ಬೆಂಜೋಯಿಕ್ ಆಮ್ಲವು 100 ಗ್ರಾಮ್ ತಣ್ಣೀರಿನಲ್ಲಿ ಸುಮಾರು ಮೂರನೆಯ ಒಂದು ಗ್ರಾಮ್ ಮಾತ್ರವೇ ಕರಗುವುದು. ಆದರೂ ಸಮಪ್ರಮಾಣದಲ್ಲಿ ಹೋಲಿಸಿದರೆ ಅದು ಅಸಿಟಿಕ್ ಆಮ್ಲಕ್ಕಿಂತ ಪ್ರಬಲ. ಕೇರಂ ಹಲಗೆಯ ಮೇಲೆ ಉದುರಿಸುವ ಬೋರಿಕ್ ಪುಡಿಯು ಅಷ್ಟೇ ನೀರಿನಲ್ಲಿ ಸುಮಾರು 5 ಗ್ರಾಮ್ ಕರಗಿದರೂ ಬಹು ದುರ್ಬಲವಾದ ಆಮ್ಲ. ಮೇಣದ ಬತ್ತಿಗೆ ಬಳಸುವ ಸ್ಟಿಯರಿಕ್ ಆಮ್ಲದ ಅಣುವಿನಲ್ಲಿ ಹುಳಿಯ ತುದಿಯು ಇದ್ದೇ ಇದೆ. ಆದರೆ 17 ಇಂಗಾಲದ ಪರಮಾಣುಗಳ ಅದರ ಉದ್ದನೆಯ ಬಾಲವು ನೀರಿಗೆ ಸೇರಗೊಡದು. ಆದ್ದರಿಂದ ನಾಲಗೆಗೆ ಅದು ಸಪ್ಪೆ.

ಅರೇನಿಯಸ್ಸನ ಮಾತಿಗೆ 1923ರಲ್ಲಿ ಇನ್ನೊಂದು ತಿದ್ದುಪಡಿಯಾಯಿತು. ಜಲಜನಕದ ಅಯಾನೆಂದರೆ ಬರಿಯ ಪ್ರೋಟಾನು. ಅಷ್ಟು ಸೂಕ್ಷ್ಮವಾದ ಕಣವು ನೀರಿನಲ್ಲಿ ಒಂಟಿಯಾಗಿ ನಿಲ್ಲಲಾರದು, ನೀರಿನ ಅಣುವನ್ನು ಆಶ್ರಯಿಸಲೇ ಬೇಕು. ಕೋಪನ್‌ಹೇಗನ್ನಿನ ಬ್ರೋನ್‌ಸ್ಟೆಡ್ಡನೂ ಕೇಂಬ್ರಿಡ್ಜಿನ ಲೌರಿಯೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ನಿರ್ಣಯಕ್ಕೆ ಬಂದರು: ಪ್ರೋಟಾನನ್ನು ಕೊಡತಕ್ಕದ್ದು ಆಮ್ಲ, ಕೊಳ್ಳತಕ್ಕದ್ದು ಪ್ರತ್ಯಾಮ್ಲ. ಕೊಳ್ಳುವವನಿಲ್ಲದೆ ಕೊಡುವವನಿಲ್ಲ. ಹೈಡ್ರೊಕ್ಲೋರಿಕ್ ಆಮ್ಲವು ಕರಗುವಾಗ ಕೊಳ್ಳುವವನು ನೀರು. ಅಮೋನಿಯವು ಎದುರಾದರೆ ಅದೂ ಕೊಳ್ಳಬಲ್ಲುದು. ಎರಡು ಅನಿಲಗಳೂ ಸೇರಿದೆಡೆ ಬಿಳಿಯ ಹೊಗೆಯಾಗಿ ನವಸಾಗರವು ಉದುರುತ್ತದೆ. ಆದರೆ ಅಡಿಗೆಯ ಮನೆಯಲ್ಲಿಯೂ, ನಮ್ಮ ನಾಲಗೆಯ ಮೇಲೆಯೂ, ಹೊಟ್ಟೆಯ ಒಳಗೂ ಯಾವಾಗಲೂ ಕೈಚಾಚಿ ನಿಂತಿರುವ ಪ್ರತಿಗ್ರಾಹಿಯೆಂದರೆ ನೀರೇ. ಅದು ಕೈನೀಡದ ಹೊರತು ಹುಳಿಗೆ ಹುಳಿತನ ಬಾರದು.

ಇಷ್ಟನ್ನು ಕೇಳಿದ ಮೇಲೆ ಆಮ್ಲಜನಕವೆಂಬ ಹೆಸರನ್ನು ತೆಗೆದುಹಾಕಬೇಕೆ ಎಂದು ಕೆಲವರು ಕೇಳಬಹುದು. ಅದರ ಅವಶ್ಯಕತೆಯಿಲ್ಲವೆಂದು ನಾವು ಭಾವಿಸುತ್ತೇವೆ. ಊರಿನ ಹೆಸರಿನಲ್ಲಿ ಕೆರೆಯಿದ್ದು ಊರಿನಲ್ಲಿ ಕೆರೆಯಿಲ್ಲದಿರುವುದು ನಮ್ಮ ನಾಡಿನಲ್ಲಿ ಅಪರೂಪವಲ್ಲ. ಹೆಸರು ಹಿಂದೆ ನಡೆದುದರ ಗುರುತು. ಲವಾಸಿಯೆಯ ತೀರ್ಪನ್ನು ಮುರಿದವರು ಅವನು ಕಲಿಸಿದ ತಕ್ಕಡಿಯನ್ನೂ ಅವನ ಅಳತೆಯ ಶಿಸ್ತನ್ನೂ ಬಿಟ್ಟು ಬೇರೆ ಆಯುಧವನ್ನು ಹುಡುಕಿಹೋದವರಲ್ಲ. ಅವನ ವಿಧಾನವು ಅವನ ತೀರ್ಮಾನಕ್ಕಿಂತ ದೊಡ್ಡದಾಗಿತ್ತು. ಅದೇ ಅವನ ಹಿರಿಮೆ. ಆದರೆ ಹೆಸರನ್ನು ಉಳಿಸಿಕೊಳ್ಳುವವರು ಅದರ ಕಥೆಯನ್ನೂ ಉಳಿಸಿಕೊಳ್ಳಬೇಕು. ಪಾಠವನ್ನು ಹೇಳುವವರು ಆಮ್ಲಜನಕವೆಂದು ಕಪ್ಪುಹಲಗೆಯ ಮೇಲೆ ಬರೆದಾಗ, ಇದು ಆಮ್ಲವನ್ನು ಹುಟ್ಟಿಸುವುದಿಲ್ಲ, ಹಾಗೆಂದು ಒಂದು ಕಾಲದಲ್ಲಿ ಭಾವಿಸಿದ್ದರು ಎಂಬ ಒಂದು ವಾಕ್ಯವನ್ನು ಸೇರಿಸಿದರೆ ಸಾಕು. ಹೆಸರನ್ನು ಕಲಿತುದರಿಂದಲೇ ವಸ್ತುವನ್ನು ತಿಳಿದಂತಾಗುವುದಿಲ್ಲವೆಂಬುದನ್ನು ಮಕ್ಕಳು ಆ ಒಂದು ವಾಕ್ಯದಿಂದಲೇ ಕಲಿತಾರು.